ಕೆಆರ್‌ಎಸ್ ಗ್ರಾಫ್‌ಗೆ ತಾರೀಕು ಕೂರಿಸಿದ್ದು

ಕೆಆರ್‌ಎಸ್ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಅಲ್ವಾ? ಒಂದು ವರ್ಷ ಅದನ್ನು ಬಿಡದೆ ಎಕ್ಸೆಲ್‌ಗೆ ಹಾಕಿಟ್ಟೆ. ಮಂಡ್ಯದಲ್ಲಿರುವ ಅಪ್ಪನಿಗೆ ಒಂದು ಗ್ರಾಫ್ ಮಾಡಿಕೊಡಬೇಕು ಅಂತ ಆಸೆ. ನೀರು ಯಾವ ತಿಂಗಳು ಏರಿತು, ಅಣೆಕಟ್ಟೆಯ ಗರಿಷ್ಠ ಮಟ್ಟವಾದ 124.80 ಅಡಿಗೆ ಎಷ್ಟು ಹತ್ತಿರ ಹೋಯಿತು, ಅಷ್ಟು ಕಂಡರೆ ಸಾಕಿತ್ತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫನ್ನು ಮೊದಲ ಸಲ ಎಳೆದಾಗ ಕೆಳಗೆ ಬರೀ ಕಪ್ಪು ಪಟ್ಟಿ. ತಾರೀಕುಗಳು ಪಠ್ಯವಾಗಿಯೇ ಉಳಿದಿದ್ದವು. ಅದರಲ್ಲಿ ಗ್ರಾಫ್ ಎಳೆಯುವ ಮ್ಯಾಟ್‌ಪ್ಲಾಟ್‌ಲಿಬ್ ಅವನ್ನು 365 ಬೇರೆ ಬೇರೆ ಹೆಸರು ಅಂದುಕೊಂಡು ಒಂದೂ ಬಿಡದೆ ಬರೆದಿತ್ತು. ಲೇಬಲ್ ಓರೆ ಮಾಡಿದೆ, ಅಕ್ಷರ ಚಿಕ್ಕದು ಮಾಡಿದೆ. ಎಲ್ಲ ದಂಡ.

ಪೈಥಾನ್‌ನಲ್ಲೇ ಕೋಷ್ಟಕ ನಿಭಾಯಿಸುವ ಪಾಂಡಾಸ್‌ ಇದೆ, ಪಠ್ಯವನ್ನು ತಾರೀಕಾಗಿಸುವ ಅದರ ಟು-ಡೇಟ್‌ಟೈಮ್ ಹಾಕಿದೆ. ಪಟ್ಟಿ ಹೋಯಿತು, ಆದರೆ ಗೆರೆ ಹಿಂದಕ್ಕೂ ಮುಂದಕ್ಕೂ ಓಡಾಡಿತು. ನಾವು ದಿನ ಮೊದಲು ಬರೆಯುತ್ತೇವೆ, ಅದು ಅಮೆರಿಕದವರ ಹಾಗೆ ತಿಂಗಳು ಮೊದಲು ಓದಿತ್ತು. ಜುಲೈ 5 ಹೋಗಿ ಮೇ 7 ಆಗಿತ್ತು. 13ನೇ ತಾರೀಕಿನಿಂದಾಚೆ ಮಾತ್ರ ಸರಿ, ಯಾಕೆಂದರೆ 13ನೇ ತಿಂಗಳು ಇಲ್ಲ. ಪಾಂಡಾಸ್ 2.0ರಿಂದ ಇಂಥ ಕಡೆ ಎರರ್ ಬರುತ್ತದೆ. ನನ್ನದು ಹಳೆಯದು. ದಿನ, ತಿಂಗಳು, ವರ್ಷ ಅಂತ ಫಾರ್ಮ್ಯಾಟ್ ಬಿಡಿಸಿ ಕೊಟ್ಟ ಮೇಲೆ ಗೆರೆ ನೆಟ್ಟಗಾಯಿತು.

ಆಮೇಲೆ, ಗೀಟು ಎಲ್ಲೆಲ್ಲಿ ಬೀಳಬೇಕು ಅಂತ ಹೇಳುವ ಮಂತ್‌ಲೊಕೇಟರ್‌ನಿಂದ ತಿಂಗಳಿಗೊಂದು ಲೇಬಲ್. ಅಪ್ಪ ನೋಡಿ ಕೇಳಿದರು: "ಜುಲೈ ಅಂದ್ರೆ ಈ ಗೀಟಾ, ಪಕ್ಕದ ಜಾಗನಾ?" ಸರಿಯಾದ ಪ್ರಶ್ನೆ. ಹೆಸರು 1ನೇ ತಾರೀಕಿನ ಕೆಳಗೆ ನಿಂತಿತ್ತು, ಆದರೆ ತಿಂಗಳು ಅಂದರೆ ಎರಡು ಗೀಟುಗಳ ನಡುವಿನ ಜಾಗ. ಹಾಗಾಗಿ 1ಕ್ಕೆ ಮೇಜರ್, ಅಂದರೆ ಮುಖ್ಯ ಗೀಟು ಮಾತ್ರ ಇಟ್ಟೆ, ಹೆಸರಿಲ್ಲ. 15ಕ್ಕೆ ಮೈನರ್, ಅಂದರೆ ಉಪಗೀಟಿನ ಲೊಕೇಟರ್ ಹಾಕಿ ಹೆಸರು ಬರೆಸಿದೆ, ಅದರ ಗೀಟಿನ ಉದ್ದ ಸೊನ್ನೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ತಾರೀಕಿನ ಅಕ್ಷವನ್ನು ಜೂನ್ 1ರಿಂದ ಶುರು ಮಾಡಿದೆ. ಕಾವೇರಿಯ ನೀರಿನ ವರ್ಷ ಜೂನ್‌ನಿಂದ ಮೇವರೆಗೆ. ಜನವರಿಯಿಂದ ಹಿಡಿದರೆ ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಗೆ ಇಳಿಯುವುದು ನಡುವೆಯೇ ತುಂಡಾಗುತ್ತದೆ. ಇಸವಿಯನ್ನು ಜೂನ್ ಮತ್ತು ಜನವರಿ ಕೆಳಗೆ ಮಾತ್ರ ಬರೆದೆ.

ಉಳಿದದ್ದು ಕನ್ನಡದ ಹೆಸರುಗಳು. ಕನ್ನಡ ಫಾಂಟ್ ಕೊಟ್ಟರೂ ಸೆಪ್ಟೆಂಬರ್‌ನ ಒತ್ತಕ್ಷರ ಒಡೆದುಹೋಯಿತು. ಚಿತ್ರದ ಫೈಲನ್ನು ಪಿಎನ್‌ಜಿ ಬಿಟ್ಟು, ಬ್ರೌಸರ್‌ನಲ್ಲಿ ತೆರೆಯುವ ಎಸ್‌ವಿಜಿ ಮಾದರಿಯಲ್ಲಿ ಮಾಡಿದೆ. ಅಕ್ಷರವನ್ನು ಚಿತ್ರವಾಗಿಸದೆ ಅಕ್ಷರವಾಗಿಯೇ ಉಳಿಸುವ ಸೆಟ್ಟಿಂಗ್ ಅದಕ್ಕಿದೆ. ಆಗ ಬ್ರೌಸರ್ ಒತ್ತನ್ನು ತಾನೇ ಸರಿಯಾಗಿ ಕೂರಿಸುತ್ತದೆ. ಅಪ್ಪ ಮೊಬೈಲ್‌ನಲ್ಲಿ ತೆರೆದು, ಬೆರಳಿಟ್ಟು ಒಂದೊಂದೇ ತಿಂಗಳು ಓದಿದರು.