ವಿದೇಶದಲ್ಲಿ ದುಡ್ಡು: ಆ ಹಸಿರು ಬಟನ್ ಒತ್ತುವ ಮೊದಲು

ಮೊದಲ ಸಲ ವಿದೇಶಕ್ಕೆ ಹೊರಟವರಿಗೆ ಜೇಬುಗಳ್ಳರ ಭಯ ಜಾಸ್ತಿ. ಸೊಂಟಕ್ಕೆ ಒಂದು ಚೀಲ, ಕಾಲುಚೀಲದೊಳಗೆ ಎರಡು ನೋಟು, ಸೂಟ್‌ಕೇಸಿನ ಲೈನಿಂಗ್ ಒಳಗೆ ಇನ್ನಷ್ಟು. ನನ್ನ ಜೊತೆ ಬಂದವರಲ್ಲಿ ಯಾರ ಜೇಬೂ ಈವರೆಗೆ ಹೋಗಿಲ್ಲ. ಆದರೆ ಎಟಿಎಂ ಮುಂದೆ ನಿಂತು, ತಾವೇ ಬಟನ್ ಒತ್ತಿ, ನೂರಕ್ಕೆ ಏಳೆಂಟು ಕಳೆದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಕಳೆದುಕೊಂಡೆವು ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಲೇಖನ. ಆ ಬಟನ್ನಿನ ವಿಷಯ ನಾಲ್ಕನೇ ಹಂತದಲ್ಲಿದೆ. ಅವಸರ ಇರುವವರು ನೇರವಾಗಿ ಅಲ್ಲಿಗೇ ಹೋಗಬಹುದು.

ಹಂತ 1: ಹೊರಡುವ ಮೊದಲು ಕಾರ್ಡ್ ಸಿದ್ಧ ಮಾಡಿಕೊಳ್ಳಿ

ಎರಡು ಕಾರ್ಡ್ ಬೇಕು, ಬೇರೆ ಬೇರೆ ಬ್ಯಾಂಕಿನವು. ಒಂದು ವೀಸಾ, ಇನ್ನೊಂದು ಮಾಸ್ಟರ್‌ಕಾರ್ಡ್ ಆದರೆ ಇನ್ನೂ ಒಳ್ಳೆಯದು. ಎರಡನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ.

ಎಷ್ಟೋ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಆಫ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ. ಅಂಗಡಿಗೆ ಬೇರೆ, ಎಟಿಎಂಗೆ ಬೇರೆ, ಆನ್‌ಲೈನ್‌ಗೆ ಬೇರೆ ಸ್ವಿಚ್ ಇರಬಹುದು, ಎಲ್ಲವನ್ನೂ ನೋಡಿ. ಕ್ರೆಡಿಟ್ ಕಾರ್ಡಿನ ಪಿನ್ ಗೊತ್ತಿಲ್ಲದವರು ಬಹಳ ಜನ. ಟಿಕೆಟ್ ಮಷಿನ್ ಮುಂದೆ ನಿಂತಾಗ ಅದು ನೆನಪಾದರೆ ಪ್ರಯೋಜನವಿಲ್ಲ. ಒಟಿಪಿ ಬರುವ ಸಿಮ್ ಹೊರದೇಶದಲ್ಲೂ ಜೀವಂತ ಇರಬೇಕು. ಅಗ್ಗದ ಅಲ್ಲಿನ ಸಿಮ್ ಹಾಕಿಕೊಂಡು ಊರಿನ ಸಿಮ್ಮನ್ನು ಸೂಟ್‌ಕೇಸಿಗೆ ಹಾಕುವವರು ಇದನ್ನು ಮರೆಯುತ್ತಾರೆ.

ಬ್ಯಾಂಕಿಗೆ ಎರಡೇ ಪ್ರಶ್ನೆ ಕೇಳಿ. ವಿದೇಶಿ ಹಣದಲ್ಲಿ ಖರ್ಚು ಮಾಡಿದರೆ ಮೇಲೆ ಶೇಕಡಾ ಎಷ್ಟು ಹಾಕುತ್ತೀರಿ? ವಿದೇಶದ ಎಟಿಎಂನಲ್ಲಿ ಒಂದು ಸಲ ದುಡ್ಡು ತೆಗೆದರೆ ಎಷ್ಟು? ಉತ್ತರ ಬರೆದಿಟ್ಟುಕೊಳ್ಳಿ.

ಮೊದಲೇ ದುಡ್ಡು ತುಂಬಿಸುವ ಫಾರೆಕ್ಸ್ ಕಾರ್ಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಒಂದೇ ದೇಶಕ್ಕೆ, ಅಲ್ಲಿನ ಹಣವನ್ನೇ ತುಂಬಿಸಿಕೊಂಡು ಹೋಗುವುದಾದರೆ ಸರಿ. ಡಾಲರ್ ತುಂಬಿದ ಕಾರ್ಡನ್ನು ಯೂರೋ ದೇಶದಲ್ಲಿ ಉಜ್ಜಿದರೆ ಮಾತ್ರ ಎರಡು ಸಲ ಪೆಟ್ಟು: ತುಂಬಿಸುವಾಗ ಒಂದು, ಡಾಲರ್‌ನಿಂದ ಯೂರೋ ಆಗುವಾಗ ಇನ್ನೊಂದು. 'ಶುಲ್ಕವೇ ಇಲ್ಲ' ಅಂತ ಕೊಡುವ ಕಾರ್ಡ್ ಆದರೆ ತುಂಬಿಸುವ ದಿನದ ದರ ಎಷ್ಟು ಅಂತ ಮೊದಲು ಕೇಳಿ.

ಹಂತ 2: ಅಲ್ಲಿನ ನೋಟಿನ ಪರಿಚಯ ಮಾಡಿಕೊಳ್ಳಿ

ವಿಮಾನದಲ್ಲಿ ಹತ್ತು ನಿಮಿಷ ಸಾಕು. ಪ್ರತಿ ದೇಶದ ಹಣಕ್ಕೂ ಮೂರಕ್ಷರದ ಕೋಡ್ ಇದೆ: ಅಮೆರಿಕದ ಡಾಲರ್‌ಗೆ ಯುಎಸ್‌ಡಿ, ಸಿಂಗಪುರದ ಡಾಲರ್‌ಗೆ ಎಸ್‌ಜಿಡಿ, ಜಪಾನಿನ ಯೆನ್‌ಗೆ ಜೆಪಿವೈ. ಚಿಹ್ನೆ ನೋಡಿ ಲೆಕ್ಕ ಹಾಕಬೇಡಿ, ಕೋಡ್ ನೋಡಿ. ಕೆನಡಾ, ಆಸ್ಟ್ರೇಲಿಯಾ, ಹಾಂಗ್‌ಕಾಂಗ್ ಎಲ್ಲವೂ ಅದೇ ಡಾಲರ್ ಚಿಹ್ನೆ ಬಳಸುತ್ತವೆ. ಯೆನ್‌ಗೂ ಚೀನಾದ ಯುವಾನ್‌ಗೂ ಚಿಹ್ನೆ ಒಂದೇ.

ಸೊನ್ನೆಗಳು ಇನ್ನೊಂದು ತಲೆನೋವು. ವಿಯೆಟ್ನಾಂನಲ್ಲಿ 20,000 ಡಾಂಗ್ ನೋಟೂ ನೀಲಿ, 500,000 ನೋಟೂ ಹೆಚ್ಚುಕಡಿಮೆ ನೀಲಿ. ಮಬ್ಬು ಬೆಳಕಿನ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಕೊಟ್ಟಂತೆ. ದೊಡ್ಡ ನೋಟನ್ನು ಬೇರೆ ಖಾನೆಯಲ್ಲಿಡಿ. ಕುವೈತ್, ಬಹ್ರೇನ್, ಒಮಾನ್‌ಗಳಲ್ಲಿ ಒಂದು ದಿನಾರ್ ಅಥವಾ ರಿಯಾಲ್‌ಗೆ ಪೈಸೆಯಂಥ 1,000 ಚಿಕ್ಕ ಕಾಸು, ಹಾಗಾಗಿ ಬಿಲ್ಲಿನಲ್ಲಿ ಚುಕ್ಕಿಯ ನಂತರ ಮೂರು ಅಂಕಿ ಬರುತ್ತದೆ. ಜರ್ಮನಿಯಂಥ ದೇಶಗಳಲ್ಲಿ ಚುಕ್ಕಿ, ಅಲ್ಪವಿರಾಮಗಳು ಜಾಗ ಬದಲಿಸಿಕೊಂಡಿರುತ್ತವೆ. 1.500,00 ಅಂದರೆ ಒಂದೂವರೆ ಅಲ್ಲ, ಒಂದೂವರೆ ಸಾವಿರ.

ಹಿಂದೆ ಹೋಗಿಬಂದ ನೆಂಟರು ಪ್ರೀತಿಯಿಂದ ಕೊಡುವ ಹಳೇ ನೋಟುಗಳ ವಿಷಯದಲ್ಲೂ ಎಚ್ಚರ. ಬ್ರಿಟನ್ನಿನ ಕಾಗದದ 20 ಮತ್ತು 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ 30ಕ್ಕೇ ಚಲಾವಣೆಯಿಂದ ಹೋದವು. ಈಗ ಇರುವುದು ಪ್ಲಾಸ್ಟಿಕ್‌ನಂಥ ಪಾಲಿಮರ್ ನೋಟು. ಹಳೆಯದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲಿಸಿಕೊಡುತ್ತದೆ ನಿಜ, ಬಸ್ಸಿನವನು ತೆಗೆದುಕೊಳ್ಳುವುದಿಲ್ಲ. ಕ್ರೊಯೇಷಿಯಾ 2023ರ ಜನವರಿ 1ರಿಂದ ಕುನಾ ಬಿಟ್ಟು ಯೂರೋಗೆ ಬಂದಿದೆ.

ಹಂತ 3: ಸ್ವಲ್ಪ ನಗದು, ಮತ್ತು ದರದ ಬೋರ್ಡ್ ಓದುವುದು

ಇಳಿದ ದಿನದ ಟ್ಯಾಕ್ಸಿ, ಊಟ, ನೀರಿಗೆ ಆಗುವಷ್ಟು ನಗದು ಹೊರಡುವ ಮೊದಲೇ ಕೈಯಲ್ಲಿರಲಿ. ಅದಕ್ಕಿಂತ ಜಾಸ್ತಿ ಬೇಡ. ಇಡೀ ಪ್ರವಾಸದ ದುಡ್ಡನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬದಲಿಸಿಕೊಳ್ಳುವುದು ತೀರಾ ದುಬಾರಿ ದಾರಿ.

ಬೋರ್ಡ್ ಮೇಲೆ 'ವಿ ಬೈ', 'ವಿ ಸೆಲ್' ಎಂದು ಎರಡು ಸಾಲು ಇರುತ್ತದೆ. ಕೊಳ್ಳುವವರು, ಮಾರುವವರು ಇಬ್ಬರೂ ಅಂಗಡಿಯವರೇ, ನೀವಲ್ಲ. ನೀವು ಯೂರೋ ಕೊಳ್ಳಬೇಕಾದರೆ ನೋಡಬೇಕಾದ್ದು 'ವಿ ಸೆಲ್' ಸಾಲು. ಇಷ್ಟನ್ನೇ ಬಹಳ ಜನ ಉಲ್ಟಾ ಓದುತ್ತಾರೆ.

ಒಂದು ಲೆಕ್ಕ ಮಾಡೋಣ. ಬ್ಯಾಂಕುಗಳ ನಡುವಿನ ದರದಲ್ಲಿ ಒಂದು ಯೂರೋಗೆ ನಿಮ್ಮ ಹಣದಲ್ಲಿ 100 ಎಂದಿಟ್ಟುಕೊಳ್ಳಿ. ಬೋರ್ಡಿನಲ್ಲಿ 'ವಿ ಬೈ' 94, 'ವಿ ಸೆಲ್' 106. ನೀವು 300 ಯೂರೋ ಕೊಂಡರೆ ಕೊಡುವುದು 31,800. ಪ್ರವಾಸ ರದ್ದಾಗಿ ಅದನ್ನು ಅಲ್ಲೇ ವಾಪಸ್ ಕೊಟ್ಟರೆ ಸಿಗುವುದು 28,200. ಒಂದು ಕಾಫಿಯನ್ನೂ ಕುಡಿಯದೆ 3,600 ಹೋಯಿತು. ಮೇಲೆ 'ಕಮಿಷನ್ ಇಲ್ಲ' ಅಂತ ದೊಡ್ಡದಾಗಿ ಬರೆದಿರುತ್ತದೆ. ಅದು ಸುಳ್ಳಲ್ಲ. ಅವರ ಲಾಭ ದರದಲ್ಲೇ ಕೂತಿದೆ, ಕಮಿಷನ್ ಯಾಕೆ ಬೇಕು?

ಕೌಂಟರಿನಲ್ಲಿ ದರ ಕೇಳಬೇಡಿ. "ಇಷ್ಟು ಕೊಟ್ಟರೆ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ?" ಅಂತ ಕೇಳಿ. ಬಂದ ಮೊತ್ತವನ್ನು ಫೋನಿನಲ್ಲಿರುವ ಆ ದಿನದ ದರದ ಜೊತೆ ಹೋಲಿಸಿ. ನೂರಕ್ಕೆ ಎರಡೋ ಮೂರೋ ಕಮ್ಮಿ ಇದ್ದರೆ ತೆಗೆದುಕೊಳ್ಳಿ. ಆರೇಳು ಕಮ್ಮಿ ಇದ್ದರೆ ಮುಂದಿನ ಅಂಗಡಿ ನೋಡಿ. ಕಿಟಕಿ ಬಿಟ್ಟು ಕದಲುವ ಮೊದಲು ನೋಟು ಎಣಿಸಿ. ಹಿಂದೆ ಸಾಲು ಇದ್ದರೆ ಇರಲಿ.

ಅಮೆರಿಕದ ಡಾಲರ್ ನೋಟು ಒಯ್ಯುವುದಾದರೆ ಹೊಸದು, ಗರಿಗರಿಯಾದದ್ದು ಒಯ್ಯಿರಿ. ಅಮೆರಿಕದಲ್ಲಿ ಹಳೇ ವಿನ್ಯಾಸದ ನೋಟೂ ನಡೆಯುತ್ತದೆ, ಬೇರೆ ಕಡೆಯ ಕೌಂಟರಿನವರು ಮೂಗು ಮುರಿಯುತ್ತಾರೆ. ಪೆನ್ನಿನ ಗೀಟು, ಸೀಲು, ಸಣ್ಣ ಹರುಕು ಇದ್ದರೆ ಕೆಲವರು ಮುಟ್ಟುವುದೇ ಇಲ್ಲ. ಆಗ್ನೇಯ ಏಷ್ಯಾದ ಎಷ್ಟೋ ಕಡೆ 100 ಡಾಲರ್ ನೋಟಿಗೆ ಒಂದು ದರ, ಸಣ್ಣ ನೋಟಿಗೆ ಕಮ್ಮಿ ದರ.

ಹಂತ 4: ಎಟಿಎಂ ಮತ್ತು ಕಾರ್ಡ್ ಮಷಿನ್. ಇಲ್ಲಿ ನಿಧಾನ

ನಿಮ್ಮ ಕಾರ್ಡ್ ಯಾವ ದೇಶದ್ದು ಎಂದು ಮಷಿನ್‌ಗೆ ಗೊತ್ತಾಗುತ್ತದೆ. ಆಗ ಅದು ತುಂಬಾ ವಿನಯದಿಂದ ಕೇಳುತ್ತದೆ: ಇಲ್ಲಿನ ಹಣದಲ್ಲಿ ಕೊಡುತ್ತೀರಾ, ನಿಮ್ಮ ಊರಿನ ಹಣದಲ್ಲಿ ಕೊಡುತ್ತೀರಾ? ಪರಿಚಿತ ಹಣ ಕಂಡ ಕೂಡಲೇ ಮನಸ್ಸಿಗೆ ಸಮಾಧಾನ. ಜನ ಅದನ್ನೇ ಒತ್ತುತ್ತಾರೆ. ಅದೇ ತಪ್ಪು.

ಇದರ ಹೆಸರು ಡೈನಮಿಕ್ ಕರೆನ್ಸಿ ಕನ್ವರ್ಷನ್. ಊರಿನ ಹಣ ಆರಿಸಿದರೆ ದರ ಕಟ್ಟುವವರು ನಿಮ್ಮ ಬ್ಯಾಂಕಿನವರಲ್ಲ, ಆ ಮಷಿನ್‌ನವರು. ಲಾಭದಲ್ಲಿ ಅಂಗಡಿಗೂ ಪಾಲು ಇರಬಹುದು. ಮೇಲಿನ ದರದಲ್ಲೇ ನೋಡಿ: ಬಿಲ್ಲು 80 ಯೂರೋ, ಅಂದರೆ 8,000. ನಿಮ್ಮ ಬ್ಯಾಂಕ್ ಶೇಕಡಾ 3 ಹಾಕಿದರೂ ಆಗುವುದು 8,240. ಮಷಿನ್ ತನ್ನ ಶೇಕಡಾ 7 ಸೇರಿಸಿ 8,560 ತೋರಿಸುತ್ತದೆ. ಇನ್ನೂ ಒಂದು ಕುಚೋದ್ಯ ಇದೆ. ಊರಿನ ಹಣದಲ್ಲೇ ಕೊಟ್ಟರೂ, ಅಂಗಡಿ ವಿದೇಶದ್ದು ಎಂಬ ಕಾರಣಕ್ಕೆ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನೂ ಹಾಕುತ್ತವೆ.

ಹಾಗಾಗಿ ಯಾವಾಗಲೂ, ಎಲ್ಲ ಕಡೆಯೂ, ಆ ದೇಶದ ಹಣವನ್ನೇ ಆರಿಸಿ. ಥಾಯ್ಲೆಂಡಿನಲ್ಲಿ ಬಾತ್, ಜಪಾನಿನಲ್ಲಿ ಯೆನ್.

ಹೇಳುವುದು ಸುಲಭ. ಎಟಿಎಂನಲ್ಲಿ ಇದು ಎರಡು ಸ್ಕ್ರೀನ್‌ಗಳಲ್ಲಿ ಬರುತ್ತದೆ, ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಮೊದಲ ಸ್ಕ್ರೀನ್ ಶುಲ್ಕದ್ದು: "ಈ ಮಷಿನ್ ಇಷ್ಟು ತೆಗೆದುಕೊಳ್ಳುತ್ತದೆ, ಒಪ್ಪಿಗೆಯೇ?" ಇಲ್ಲಿ ಒಪ್ಪದಿದ್ದರೆ ದುಡ್ಡು ಬರುವುದಿಲ್ಲ. ಜಾಸ್ತಿ ಅನ್ನಿಸಿದರೆ ಕಾರ್ಡ್ ವಾಪಸ್ ತೆಗೆದುಕೊಂಡು ಬೇರೆ ಬ್ಯಾಂಕಿನ ಎಟಿಎಂ ಹುಡುಕಿ, ಇಲ್ಲವಾದರೆ ಒಪ್ಪಿ. ಎರಡನೆಯದು ದರದ್ದು. 'ಗ್ಯಾರಂಟೀಡ್ ರೇಟ್' ಅಂತ ಆಕರ್ಷಕವಾಗಿ ಬರೆದು, ಕೆಳಗೆ 'ಆಕ್ಸೆಪ್ಟ್ ಕನ್ವರ್ಷನ್', 'ಡಿಕ್ಲೈನ್ ಕನ್ವರ್ಷನ್' ಎಂದು ಎರಡು ಬಟನ್. ಇಲ್ಲಿ ಒತ್ತಬೇಕಾದ್ದು ಡಿಕ್ಲೈನ್. ಕೆಲವು ಕಡೆ 'ಕಂಟಿನ್ಯೂ ವಿದೌಟ್ ಕನ್ವರ್ಷನ್' ಎಂದಿರುತ್ತದೆ. ಆಕ್ಸೆಪ್ಟ್ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಇದ್ದರೆ, ಡಿಕ್ಲೈನ್ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ.

ನಮ್ಮ ಭಾವ ಒಂದು ಸಲ ಈ ಸ್ಕ್ರೀನ್ ಮುಂದೆ ಕಲ್ಲಿನಂತೆ ನಿಂತುಬಿಟ್ಟರು. "ಡಿಕ್ಲೈನ್ ಅಂದ್ರೆ ದುಡ್ಡೇ ಬರಲ್ಲ ಅಲ್ವೇನೋ?" "ಬರುತ್ತೆ ಭಾವ, ಒತ್ತಿ." ಒತ್ತಿದರು, ನೋಟು ಬಂತು. ನೀವು ಬೇಡ ಅನ್ನುತ್ತಿರುವುದು ಅವರ ದರವನ್ನು ಮಾತ್ರ. ದುಡ್ಡು ತೆಗೆಯುವ ಕೆಲಸ ಮುಂದುವರಿಯುತ್ತದೆ, ಲೆಕ್ಕ ನಿಮ್ಮ ಬ್ಯಾಂಕ್ ಕಡೆಯಿಂದ ಆಗುತ್ತದೆ. ಯುರೋಪಿನ ಎಷ್ಟೋ ಮಷಿನ್‌ಗಳು ತಮ್ಮ ಮಾರ್ಕಪ್, ಅಂದರೆ ದರದ ಮೇಲೆ ಸೇರಿಸಿಕೊಳ್ಳುವ ಲಾಭ, ಶೇಕಡಾ ಎಷ್ಟೆಂದು ಅಲ್ಲೇ ಬರೆದಿರುತ್ತವೆ. ಸಣ್ಣ ಅಕ್ಷರ, ಓದುವವರು ಕಮ್ಮಿ.

ಅಂಗಡಿಯಲ್ಲಿ ಇನ್ನೊಂದು ತೊಡಕು. ಮಷಿನ್ ಕೌಂಟರಿನವರ ಕೈಯಲ್ಲಿರುತ್ತದೆ, ಅವರೇ ಒತ್ತಿಬಿಡುತ್ತಾರೆ. ನನ್ನ ಮೊದಲ ಪ್ರವಾಸದಲ್ಲಿ ಹೋಟೆಲೊಂದರಿಂದ ಬೆಳಗಿನ ಜಾವ ಹೊರಡುವಾಗ ಹೀಗೇ ಆಯಿತು. ನಿದ್ದೆಗಣ್ಣಿನಲ್ಲಿ ಸಹಿ ಹಾಕಿದೆ. ಚೀಟಿಯಲ್ಲಿ ಊರಿನ ಹಣ ಇದ್ದದ್ದು ಕಂಡದ್ದು ವಿಮಾನದಲ್ಲಿ ಕೂತ ಮೇಲೆ. ನಾಲ್ಕು ರಾತ್ರಿಯ ಬಾಡಿಗೆ. ಈಗ ಕಾರ್ಡ್ ಕೊಡುವ ಮೊದಲೇ "ಇಲ್ಲಿನ ಹಣದಲ್ಲಿ ಹಾಕಿ" ಅನ್ನುತ್ತೇನೆ. ಪಿನ್ ಒತ್ತುವ ಮೊದಲು ಸ್ಕ್ರೀನ್ ಮೇಲಿನ ಮೂರಕ್ಷರದ ಕೋಡ್ ನೋಡುತ್ತೇನೆ. ನಿಮ್ಮ ಊರಿನ ಕೋಡ್ ಕಂಡರೆ ಪಿನ್ ಹಾಕಬೇಡಿ, ರದ್ದು ಮಾಡಿ ಮತ್ತೆ ಹಾಕಲು ಹೇಳಿ. ಚೀಟಿ ಬಂದಮೇಲೆ ಕಂಡರೂ ಅಲ್ಲೇ ನಿಂತು ರದ್ದು ಮಾಡಿಸಿ. "ನಿಮ್ಮ ಕಾರ್ಡಿಗೆ ಹೀಗೇ ಬರುವುದು" ಅಂದರೆ ನಂಬಬೇಡಿ. ಆಯ್ಕೆ ಕಾರ್ಡಿನವರದ್ದೇ ಎಂಬುದು ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮ.

ಎಟಿಎಂ ಬಗ್ಗೆ ಇನ್ನೂ ನಾಲ್ಕು ಮಾತು. ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂ ಬಳಸಿ, ಅದೂ ಬ್ಯಾಂಕ್ ತೆರೆದಿರುವಾಗ. ಕಾರ್ಡ್ ಒಳಗೆ ಸಿಕ್ಕಿಕೊಂಡರೆ ಒಳಗೆ ಹೋಗಿ ಕೇಳಬಹುದು. ಪ್ರವಾಸಿಗರ ಬೀದಿಯಲ್ಲಿ, ಅಂಗಡಿ ಬಾಗಿಲಲ್ಲಿ ಒಂಟಿಯಾಗಿ ನಿಂತ ಬಣ್ಣಬಣ್ಣದ ಮಷಿನ್‌ಗಳನ್ನು ನಾನು ತಿರುಗಿಯೂ ನೋಡುವುದಿಲ್ಲ. ಸ್ಕ್ರೀನ್ ಸೂಚಿಸುವ ಮೊತ್ತಗಳು ಬೇಕಾದ್ದಕ್ಕಿಂತ ದೊಡ್ಡದಿರುತ್ತವೆ, ನಿಮಗೆ ಬೇಕಾದ್ದನ್ನು ನೀವೇ ಟೈಪ್ ಮಾಡಿ. 200ರ ಬದಲು 190 ಕೇಳಿದರೆ ಸ್ವಲ್ಪ ಸಣ್ಣ ನೋಟೂ ಸಿಗುತ್ತದೆ. ಥಾಯ್ಲೆಂಡಿನಂಥ ಕಡೆ ಪ್ರತಿ ಸಲಕ್ಕೂ 200 ಬಾತ್ ಮೀರಿದ ಶುಲ್ಕ ಇರುವುದರಿಂದ, ದಿನಾ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ. ಕ್ರೆಡಿಟ್ ಕಾರ್ಡನ್ನು ಎಟಿಎಂಗೆ ಹಾಕಲೇಬೇಡಿ. ಅದು ಸಾಲ. ಬಡ್ಡಿ ಸಾಮಾನ್ಯವಾಗಿ ಅವತ್ತಿನಿಂದಲೇ ಶುರು.

ಹಂತ 5: ಹೋಟೆಲ್, ಬಾಡಿಗೆ ಕಾರಿಗೆ ಕ್ರೆಡಿಟ್ ಕಾರ್ಡ್

ಇವರು ಮುಂಗಡವಾಗಿ ಒಂದು ಮೊತ್ತ ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ದುಡ್ಡೇ ದಿನಗಟ್ಟಲೆ ಕಟ್ಟಿಬೀಳುತ್ತದೆ.

ಹಂತ 6: ಗಡಿ ಮತ್ತು ಉಳಿದ ದುಡ್ಡು

ಜಾಸ್ತಿ ನಗದು ಒಯ್ಯುವುದು ಅಪರಾಧವಲ್ಲ, ಹೇಳದೇ ಒಯ್ಯುವುದು ತೊಂದರೆ. ಅಮೆರಿಕಕ್ಕೆ 10,000 ಡಾಲರ್‌ಗಿಂತ ಹೆಚ್ಚು, ಐರೋಪ್ಯ ಒಕ್ಕೂಟಕ್ಕೆ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಘೋಷಿಸಬೇಕು. ಕುಟುಂಬದ ದುಡ್ಡನ್ನು ಹಂಚಿಕೊಂಡು ಒಯ್ದರೆ ಆಯ್ತು ಅನ್ನುವವರ ಮಾತು ಕೇಳಬೇಡಿ. ಅಮೆರಿಕದಲ್ಲಿ ಒಟ್ಟಿಗೆ ಹೋಗುವ ಕುಟುಂಬದ್ದು ಒಂದೇ ಲೆಕ್ಕ. ನೀವು ಹೊರಡುವ ದೇಶದ ಮಿತಿ ಬೇರೆಯೇ ಇರುತ್ತದೆ, ಅದನ್ನೂ ನೋಡಿ.

ಕೆಲವು ದೇಶಗಳ ಹಣ ಗಡಿ ದಾಟುವಂತಿಲ್ಲ. ಟ್ಯುನೀಷಿಯಾದ ದಿನಾರ್ ಅಂಥದ್ದು. ಅಲ್ಲೇ ಬದಲಿಸಿಕೊಂಡು, ಉಳಿದದ್ದನ್ನು ಅಲ್ಲೇ ವಾಪಸ್ ಮಾಡಬೇಕು, ಅದಕ್ಕೆ ಮೊದಲು ಕೊಟ್ಟ ರಸೀದಿ ಬೇಕಾಗುತ್ತದೆ. ನಾಣ್ಯಗಳನ್ನು ಊರಿನ ಕೌಂಟರುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಜಪಾನಿನಲ್ಲಿ 500 ಯೆನ್‌ವರೆಗೂ ನಾಣ್ಯವೇ ಇರುವುದರಿಂದ ಜೇಬು ಬೇಗ ಭಾರವಾಗುತ್ತದೆ. ಕೊನೇ ದಿನ ಹೋಟೆಲ್ ಬಿಲ್ಲಿಗೆ ಚಿಲ್ಲರೆಯನ್ನೆಲ್ಲ ಸುರಿದು, ಉಳಿದದ್ದಕ್ಕೆ ಕಾರ್ಡ್ ಕೊಡಬಹುದೇ ಅಂತ ಕೇಳಿ. ನನಗಂತೂ ಯಾರೂ ಇಲ್ಲ ಅಂದಿಲ್ಲ.

ಮನೆಗೆ ಬಂದು ಎರಡು ವಾರದ ನಂತರ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಯಿರಿ. ಹೋಟೆಲಿನವರು ತಡೆಹಿಡಿದ ಮೊತ್ತ ಬಿಟ್ಟಿದ್ದಾರೋ, ರದ್ದು ಮಾಡಿಸಿದ ಬಿಲ್ಲು ಎರಡು ಸಲ ಬಿದ್ದಿದೆಯೋ ನೋಡಿ. ಅಲ್ಲಿಯವರೆಗೆ ಚೀಟಿಗಳನ್ನು ಬಿಸಾಡಬೇಡಿ. ಆ ನುಣುಪು ಕಾಗದದ ಅಕ್ಷರ ಬೇಗ ಮಾಸುತ್ತದೆ, ಕೊಟ್ಟ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ.