ಮುದ್ದೆ ತಿರುವಿದ ಕೈಗೆ ಪೊಲೆಂಟಾ ಹೊಸದಲ್ಲ

ಇಟಲಿಯ ಬೆರ್ಗಮೊದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಒಬ್ಬ ಅಜ್ಜಿ ಇದ್ದರು. ಭಾನುವಾರ ಬೆಳಿಗ್ಗೆ ಒಲೆ ಮೇಲೆ ತಾಮ್ರದ ಪಾತ್ರೆ ಇಟ್ಟು, ಉದ್ದನೆಯ ಮರದ ಕೋಲು ಹಿಡಿದು ಪೊಲೆಂಟಾ ತಿರುವಲು ನಿಲ್ಲುತ್ತಿದ್ದರು. ಮುಕ್ಕಾಲು ಗಂಟೆ ಆದ ಮೇಲೆ ಅದನ್ನು ಮರದ ಹಲಗೆ ಮೇಲೆ ಒಂದೇ ಸಲಕ್ಕೆ ಬೋರಲು ಹಾಕುತ್ತಿದ್ದರು. ಹಬೆಯಾಡುವ ಹಳದಿ ಗುಡ್ಡೆ. ಕತ್ತರಿಸಲು ಚಾಕು ಮುಟ್ಟುತ್ತಿರಲಿಲ್ಲ. ಬಿಳಿ ನೂಲೊಂದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಗುಡ್ಡೆಯ ಅಡಿಗೆ ತೂರಿಸಿ ಮೇಲಕ್ಕೆ ಎಳೆಯುತ್ತಿದ್ದರು. ಚಾಕುವಿಗೆ ಪೊಲೆಂಟಾ ಮೆತ್ತಿಕೊಳ್ಳುತ್ತದೆ, ನೂಲಿಗೆ ಮೆತ್ತುವುದಿಲ್ಲ. ಮೊದಲ ಸಲ ಅದನ್ನು ನೋಡಿದಾಗ ನನಗೆ ನೆನಪಾದದ್ದು ಹಾಸನದಲ್ಲಿ ಎಸರಿಗೆ ರಾಗಿ ಹಿಟ್ಟು ಬಿಟ್ಟು ಕೋಲಾಡಿಸುತ್ತಿದ್ದ ನಮ್ಮ ದೊಡ್ಡಮ್ಮ. ಆ ಪೊಲೆಂಟಾವನ್ನು ರಿಕೊಟ್ಟಾ ಎಂಬ ಮೆತ್ತನೆ ಚೀಸ್ ಜೊತೆ ಭಾನುವಾರದ ಬ್ರಂಚ್‌ಗೆ, ಅಂದರೆ ತಡ ಬೆಳಗಿನ ತಿಂಡಿ-ಊಟಕ್ಕೆ, ಮನೆಯಲ್ಲೇ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಪೊಲೆಂಟಾ ಅಂದರೆ ಮೆಕ್ಕೆಜೋಳದ ರವೆಯನ್ನು ನೀರಲ್ಲಿ ನಿಧಾನವಾಗಿ ಬೇಯಿಸಿದ ಅಡುಗೆ. ಲೊಂಬಾರ್ಡಿ, ವೆನೆಟೊ, ಫ್ರಿಯುಲಿ, ಪಿಯೆಮೊಂಟೆ, ಹೀಗೆ ಉತ್ತರ ಇಟಲಿಯುದ್ದಕ್ಕೂ ಇದೇ ಹಳೆಯ ಕಾಲದ ಹೊಟ್ಟೆಪಾಡು. ಮೆಕ್ಕೆಜೋಳ ಅಮೆರಿಕದಿಂದ ಬರುವ ಮುಂಚೆ ಅಲ್ಲಿಯವರು ನವಣೆಯಂಥ ಸಿರಿಧಾನ್ಯ, ಚೆಸ್ಟ್‌ನಟ್ ಹಿಟ್ಟಿನಲ್ಲೂ ಇದನ್ನೇ ಮಾಡುತ್ತಿದ್ದರು. ದಕ್ಷಿಣ ಇಟಲಿಯವರು ಉತ್ತರದವರನ್ನು ಇಂದಿಗೂ 'ಪೊಲೆಂಟೋನಿ', ಅಂದರೆ ಪೊಲೆಂಟಾ ಮುಕ್ಕುವವರು, ಎಂದು ಛೇಡಿಸುತ್ತಾರೆ.

ರಿಕೊಟ್ಟಾ ಅಂದರೆ 'ಮತ್ತೊಮ್ಮೆ ಬೇಯಿಸಿದ್ದು'. ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರನ್ನು ಮತ್ತೆ ಕಾಯಿಸುತ್ತಾರೆ. ಅದರಲ್ಲಿ ಉಳಿದಿದ್ದ ಪ್ರೋಟೀನ್ ಬಿಸಿಗೆ ಮೆತ್ತಗೆ ಹೆಪ್ಪುಗಟ್ಟಿ ಮೇಲೆ ತೇಲುತ್ತದೆ. ಅದನ್ನು ಎತ್ತಿ ಸೋಸಿದರೆ ರಿಕೊಟ್ಟಾ. ಮನೆಯಲ್ಲಿ ನಮಗೆ ಅಷ್ಟು ತಿಳಿನೀರು ಎಲ್ಲಿ ಸಿಗಬೇಕು? ಅದಕ್ಕೇ ಇಡೀ ಹಾಲಿನಿಂದಲೇ ಮಾಡುತ್ತೇವೆ. ರುಚಿ ತೀರಾ ಹತ್ತಿರ ಬರುತ್ತದೆ.

ಇವೆರಡೂ ಜೋಡಿಯಾಗಲು ರುಚಿಯೊಂದೇ ಕಾರಣವಲ್ಲ. 18 ಮತ್ತು 19ನೇ ಶತಮಾನದಲ್ಲಿ ಉತ್ತರ ಇಟಲಿಯ ಬಡ ರೈತರು ಬೆಳಿಗ್ಗೆ ಸಂಜೆ ಬರೀ ಪೊಲೆಂಟಾ ತಿಂದು ಪೆಲಾಗ್ರಾ ಎಂಬ ಕಾಯಿಲೆಗೆ ಬಿದ್ದರು. 'ಒರಟು ಚರ್ಮ' ಎಂಬ ಅರ್ಥದ ಈ ಹೆಸರನ್ನು 1771ರಲ್ಲಿ ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಾಪೊಲ್ಲಿ ಬರೆದಿಟ್ಟರು. ಈ ಕಾಯಿಲೆಗೆ ಕಾರಣ ನಯಾಸಿನ್ ಎಂಬ ವಿಟಮಿನ್ ಕೊರತೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ನಮ್ಮ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ಅದನ್ನು ಬಿಡಿಸಿಕೊಳ್ಳುತ್ತಿದ್ದರು. ಕಾಳು ಯುರೋಪಿಗೆ ಬಂತು, ಆ ಜ್ಞಾನ ಬರಲಿಲ್ಲ. ಜೊತೆಗೆ ಒಂದಿಷ್ಟು ಹಾಲು, ಮೊಟ್ಟೆ ಸಿಕ್ಕ ಮನೆಗಳು ಬಚಾವಾದವು. ಹಾಗಾಗಿ ಪೊಲೆಂಟಾ ಮೇಲೆ ಒಂದು ಸೌಟು ರಿಕೊಟ್ಟಾ ಬೀಳುವುದನ್ನು ನೋಡಿದಾಗಲೆಲ್ಲ ನನಗೆ ಸಮಾಧಾನ ಆಗುತ್ತದೆ.

ಇನ್ನು ಬ್ರಂಚ್. ಇದು ಇಟಲಿಯ ಹಳೆ ಪದ್ಧತಿ ಅಲ್ಲ. ತಿಂಡಿ ಮತ್ತು ಊಟ ಸೇರಿಸಿದ ಈ ಪದವನ್ನು 1895ರಲ್ಲಿ ಬಳಕೆಗೆ ತಂದವರು ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ. ಭಾನುವಾರ ಹತ್ತೂವರೆಗೆ ಎಲ್ಲರೂ ಒಟ್ಟಿಗೆ ಕೂರುವ ಮನೆಗಳಿಗೆ ಈ ಅಡುಗೆ ಚೆನ್ನಾಗಿ ಒಗ್ಗುತ್ತದೆ. ಅರ್ಧ ಕೆಲಸ ಶನಿವಾರ ಸಂಜೆಯೇ ಮುಗಿದಿರುತ್ತದೆ.

ಸಾಮಾನು ತರುವಾಗ

ಅಂಗಡಿಯಲ್ಲಿ ಕೇಳಬೇಕಾದ್ದು ಮೆಕ್ಕೆಜೋಳದ ರವೆ. ಊರಿಗೊಂದು ಹೆಸರು ಇದಕ್ಕೆ: ಗೋವಿನ ಜೋಳ, ಮುಸುಕಿನ ಜೋಳ. 'ಕಾರ್ನ್ ಫ್ಲೋರ್' ಅಂತ ಸಿಗುವ ಬಿಳಿ ಪುಡಿಯನ್ನು ಮಾತ್ರ ತರಬೇಡಿ. ಅದು ಬರೀ ಗಂಜಿಪುಡಿ, ಸೂಪ್ ಗಟ್ಟಿ ಮಾಡುವುದಕ್ಕೆ. ಅದರಲ್ಲಿ ಪೊಲೆಂಟಾ ಆಗುವುದೇ ಇಲ್ಲ, ಅಂಟು ಆಗುತ್ತದೆ. ಹಳದಿ ಬಣ್ಣ ಇರಬೇಕು, ಬೆರಳಲ್ಲಿ ಉಜ್ಜಿದರೆ ಉಪ್ಪಿಟ್ಟಿನ ರವೆಯಂತೆ ತರಿತರಿ ಸಿಗಬೇಕು. ದಾವಣಗೆರೆ, ಹಾವೇರಿ ಕಡೆಯವರಿಗೆ ಕಾಳು ಮನೆ ಬಾಗಿಲಲ್ಲೇ ಇದೆ, ಗಿರಣಿಯಲ್ಲಿ ರವೆ ಹದಕ್ಕೆ ಒಡೆಸಿಕೊಳ್ಳಬಹುದು. ಇಟಲಿಯಿಂದ ಬರುವ ಪೊಟ್ಟಣವಾದರೆ 'ಬ್ರಮಾತಾ' ಅಂದರೆ ದಪ್ಪ ರವೆ, 'ಫಿಯೊರೆಟ್ಟೊ' ಅಂದರೆ ಸಣ್ಣದು. ಐದು ನಿಮಿಷದಲ್ಲಿ ಆಗುವ ಇನ್‌ಸ್ಟಂಟ್ ಪೊಲೆಂಟಾ ಕೂಡ ಇದೆ. ಅವಸರಕ್ಕೆ ಆದೀತು, ಆದರೆ ಅದರಲ್ಲಿ ಕಾಳಿನ ಘಮ ಬಹಳ ಕಮ್ಮಿ.

ಇದಲ್ಲದೆ ಬೇಕಾಗುವುದು ರಿಕೊಟ್ಟಾಗೆ 2 ಲೀಟರ್ ಕೆನೆಭರಿತ ಹಾಲು, ಉಳಿದ ಅಡುಗೆಗೆ ಇನ್ನಷ್ಟು ಹಾಲು, 2 ದೊಡ್ಡ ನಿಂಬೆಹಣ್ಣು, ಬೆಣ್ಣೆ, ಮೊಟ್ಟೆ, ಅಣಬೆ, ಬೆಳ್ಳುಳ್ಳಿ, ಟೊಮೆಟೊ, ಜೇನು. ಹಾಲು ಸಾದಾ ಪಾಶ್ಚರೀಕರಿಸಿದ್ದಾಗಲಿ. ತಿಂಗಳುಗಟ್ಟಲೆ ಇಡುವ ಡಬ್ಬಿ ಹಾಲು ಸರಿಯಾಗಿ ಒಡೆಯುವುದಿಲ್ಲ.

ಶನಿವಾರ ಸಂಜೆ: ರಿಕೊಟ್ಟಾ

ಪಾತ್ರೆಗೆ ಮೊದಲು ಸ್ವಲ್ಪ ನೀರು ಹಾಕಿ ಆಡಿಸಿ ಚೆಲ್ಲಿ, ಆಮೇಲೆ ಹಾಲು ಸುರಿಯಿರಿ. ತಳ ಹಿಡಿಯುವುದು ಕಮ್ಮಿಯಾಗುತ್ತದೆ. ಒಂದು ಟೀ ಚಮಚ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಕಾಯಿಸಿ. ಹಾಲು ಉಕ್ಕಬಾರದು. ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು, ಮೇಲೆ ನೊರೆ ಕಟ್ಟಿ, ಹಬೆ ಜೋರಾದಾಗ ಒಲೆ ಆರಿಸಿ. ಥರ್ಮಾಮೀಟರ್ ಇದ್ದರೆ 85ರಿಂದ 90 ಡಿಗ್ರಿ.

4 ದೊಡ್ಡ ಚಮಚ ನಿಂಬೆರಸವನ್ನು ಸುತ್ತಲೂ ನಿಧಾನವಾಗಿ ಬಿಡಿ. ಸೌಟಿನಿಂದ ಎರಡೇ ಸುತ್ತು ತಿರುಗಿಸಿ. ಅಷ್ಟೇ. ಇಲ್ಲಿ ಜಾಸ್ತಿ ಕದಡಿದರೆ ಗಟ್ಟಿ ಗಟ್ಟಿ ಕಾಳಾಗುತ್ತದೆ. ಮುಚ್ಚಿ ಹದಿನೈದು ನಿಮಿಷ ಸುಮ್ನೆ ಬಿಡಿ. ತೆರೆದಾಗ ಮೋಡದಂಥ ಬಿಳಿ ಹೆಪ್ಪು ಮೇಲೆ, ಹಸಿರು ಛಾಯೆಯ ತಿಳಿನೀರು ಕೆಳಗೆ ಕಾಣಬೇಕು. ನೀರು ಇನ್ನೂ ಹಾಲಿನಂತೆ ಬೆಳ್ಳಗಿದ್ದರೆ ಇನ್ನೊಂದು ಚಮಚ ನಿಂಬೆರಸ ಹಾಕಿ.

ಜರಡಿ ಮೇಲೆ ಒದ್ದೆ ತೆಳುಬಟ್ಟೆ ಹಾಸಿ, ಸೌಟಿನಲ್ಲಿ ಎತ್ತಿ ಎತ್ತಿ ಹಾಕಿ. ಇಪ್ಪತ್ತು ನಿಮಿಷ ನೀರು ತಾನಾಗಿ ಇಳಿಯಲಿ. ಪನೀರ್ ಮಾಡಿ ಅಭ್ಯಾಸ ಇರುವವರ ಕೈ ಈಗ ಬಟ್ಟೆ ಹಿಂಡೋಕೆ ಹೋಗುತ್ತದೆ. ಹಿಂಡಬೇಡಿ, ಮೇಲೆ ಭಾರ ಇಡಬೇಡಿ. ಆ ತೇವವೇ ರಿಕೊಟ್ಟಾದ ಜೀವ. ಹೆಚ್ಚುಕಮ್ಮಿ 400 ಗ್ರಾಂ ಸಿಗುತ್ತದೆ. ಇಳಿದ ನೀರನ್ನು ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳಿ.

ಅದೇ ಸಂಜೆ: ಪೊಲೆಂಟಾ

ದಪ್ಪ ತಳದ ಪಾತ್ರೆಯಲ್ಲಿ 1 ಲೀಟರ್ ನೀರು, ಒಂದೂವರೆ ಟೀ ಚಮಚ ಉಪ್ಪು. ಪಕ್ಕದ ಒಲೆಯಲ್ಲಿ ಇನ್ನೊಂದು ಅರ್ಧ ಲೀಟರ್ ನೀರು ಬಿಸಿಯಾಗಿರಲಿ. ರವೆ 250 ಗ್ರಾಂ.

ಎಸರು ಕುದಿ ಬಂದಾಗ ಉರಿ ಸ್ವಲ್ಪ ತಗ್ಗಿಸಿ. ರವೆಯನ್ನು ಮುಷ್ಟಿಯಲ್ಲಿ ತೆಗೆದುಕೊಂಡು ಬೆರಳ ಸಂದಿಯಿಂದ ಉದುರಿಸುತ್ತಾ, ಇನ್ನೊಂದು ಕೈಯಲ್ಲಿ ಬಿಡದೆ ತಿರುವಿ. ಇಟಲಿಯವರು ಇದಕ್ಕೆ 'ಆ ಪಿಯೊಜ್ಜಾ' ಅನ್ನುತ್ತಾರೆ, ಮಳೆ ಉದುರಿದ ಹಾಗೆ. ಮುದ್ದೆಗೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು ಬೇಯಲು ಬಿಡುತ್ತೇವಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಒಮ್ಮೆಲೇ ಸುರಿದರೆ ಗಂಟು ಗ್ಯಾರಂಟಿ.

ಮೊದಲ ಹತ್ತು ನಿಮಿಷ ಕೈ ಬಿಡಬೇಡಿ. ಆಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಓರೆಯಾಗಿ ಮುಚ್ಚಿ, ಐದು ನಿಮಿಷಕ್ಕೊಮ್ಮೆ ತಳದಿಂದ ಮಗುಚಿದರೆ ಸಾಕು. ಗಟ್ಟಿಯಾಗುತ್ತಾ ಹೋದರೆ ಬಿಸಿನೀರು ಸೌಟು ಸೌಟಾಗಿ ಸೇರಿಸಿ, ತಣ್ಣೀರು ಬೇಡ. ಪೊಲೆಂಟಾ ಕೊತಕೊತ ಅನ್ನುವಾಗ ಸಿಡಿಯುತ್ತದೆ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಉದ್ದ ಹಿಡಿಯ ಮರದ ಸೌಟು ಇರಲಿ, ಮಕ್ಕಳು ದೂರ ಇರಲಿ.

ಹದಿನೈದು ನಿಮಿಷಕ್ಕೇ ನೋಡಲು ಬೆಂದಂತೆ ಕಾಣುತ್ತದೆ. ಅಲ್ಲೇ ಬಹಳ ಜನ ಒಲೆ ಆರಿಸಿಬಿಡುತ್ತಾರೆ. ಒಂದು ಚೂರು ನಾಲಿಗೆ ಮೇಲೆ ಇಟ್ಟು ನೋಡಿ: ಹಸಿ ವಾಸನೆ, ಹಲ್ಲಿಗೆ ತರಿ. 40ರಿಂದ 45 ನಿಮಿಷಕ್ಕೆ ಮತ್ತೆ ನೋಡಿ. ತರಿ ಹೋಗಿ ನುಣುಪು ಬಂದಿರುತ್ತದೆ, ಸುಟ್ಟ ಜೋಳದ ತೆನೆಯ ಸಿಹಿ ಘಮ ಏಳುತ್ತದೆ, ಪೊಲೆಂಟಾ ಪಾತ್ರೆಯ ಅಂಚು ಬಿಡುತ್ತದೆ. ಈ ಕೊನೆಯ ಅರ್ಧ ಗಂಟೆಗೆ ಬೇರೆ ದಾರಿ ಇಲ್ಲ.

ಒಂದು ಮಾತು. ಇದಕ್ಕೆ ಒಗ್ಗರಣೆ ಹಾಕಬೇಡಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಬಿದ್ದರೆ ಅದು ಒಳ್ಳೆಯ ಉಪ್ಪಿಟ್ಟು ಆಗುತ್ತದೆ, ಪೊಲೆಂಟಾ ಆಗಿ ಉಳಿಯುವುದಿಲ್ಲ. ಇದರ ರುಚಿ ಮೆದು. ಅದನ್ನು ಹಾಗೇ ಬಿಟ್ಟರೆ ಮೇಲೆ ಬರುವ ಅಣಬೆ, ರಿಕೊಟ್ಟಾ ಎರಡೂ ಮಾತಾಡುತ್ತವೆ.

ಅರ್ಧವನ್ನು ಎಣ್ಣೆ ಸವರಿದ ತಟ್ಟೆಗೆ ಬೆರಳು ದಪ್ಪ ಹರಡಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಉಳಿದರ್ಧ ಪಾತ್ರೆಯಲ್ಲೇ ಇರಲಿ, ಅದನ್ನೂ ಆರಿಸಿ ಮುಚ್ಚಿ ಒಳಗಿಡಿ.

ಭಾನುವಾರ: ಮೆತ್ತನೆ ಪೊಲೆಂಟಾ, ಅಣಬೆ, ರಿಕೊಟ್ಟಾ

ಪಾತ್ರೆಯಲ್ಲಿದ್ದ ಪೊಲೆಂಟಾ ಗಟ್ಟಿಯಾಗಿರುತ್ತದೆ. ಒಂದು ಕಪ್ ಬಿಸಿ ಹಾಲು ಹಾಕಿ ಮಸೆಯುತ್ತಾ ಸಣ್ಣ ಉರಿಯಲ್ಲಿ ಸಡಿಲಿಸಿ. ಒಂದು ದೊಡ್ಡ ಚಮಚ ಬೆಣ್ಣೆ. ಸೌಟಿನಿಂದ ನಿಧಾನಕ್ಕೆ ಜಾರುವ ಹದ ಬಂದರೆ ಸರಿ.

ಉತ್ತರ ಇಟಲಿಯಲ್ಲಿ ಪೊಲೆಂಟಾ ಮೇಲೆ ಕಾಡಿನ ಪೊರ್ಚಿನಿ ಅಣಬೆ ಬೀಳುತ್ತದೆ. ನಮಗೆ ಬಟನ್ ಅಣಬೆಯೇ ಸಾಕು. ಕಾದ ಬಾಣಲೆಗೆ ಅಣಬೆ ಹಾಕಿ, ಅಣಬೆಯೇ ಬಿಡುವ ನೀರು ಇಂಗುವವರೆಗೆ ಕಾಯಿರಿ, ಅಂಚು ಕೆಂಪಾದ ಮೇಲೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕೊನೆಗೆ ಉಪ್ಪು. ತಟ್ಟೆಗೆ ಪೊಲೆಂಟಾ, ಮೇಲೆ ಅಣಬೆ, ಪಕ್ಕಕ್ಕೆ ಒಂದು ದೊಡ್ಡ ಚಮಚ ತಣ್ಣನೆ ರಿಕೊಟ್ಟಾ. ಮೊಟ್ಟೆ ತಿನ್ನುವವರು ಹಳದಿ ಒಡೆಯದೆ ಹುರಿದ ಮೊಟ್ಟೆಯೊಂದನ್ನು ಮೇಲಿಡಿ.

ಹುರಿದ ತುಂಡು

ತಟ್ಟೆಯಲ್ಲಿ ಗಟ್ಟಿಯಾದದ್ದನ್ನು ಚೌಕ ಕತ್ತರಿಸಿ, ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಬೇಕು. ಎರಡು ಚಮಚ ಎಣ್ಣೆ ಬಿಟ್ಟು ತುಂಡುಗಳನ್ನು ಇಟ್ಟ ಮೇಲೆ ಐದಾರು ನಿಮಿಷ ಅಲುಗಾಡಿಸಬೇಡಿ. ಎತ್ತಲು ಹೋದಾಗ ಅಂಟಿದೆ ಅನಿಸಿದರೆ ಇನ್ನೂ ಆಗಿಲ್ಲ ಅಂತ ಅರ್ಥ. ಗರಿಗರಿ ಆದ ಮೇಲೆ ತಾನೇ ಬಿಡುತ್ತದೆ. ಅರ್ಧ ತುಂಡುಗಳಿಗೆ ರಿಕೊಟ್ಟಾ, ಟೊಮೆಟೊ, ಉಪ್ಪು. ಇನ್ನರ್ಧಕ್ಕೆ ರಿಕೊಟ್ಟಾ, ಜೇನು, ಆಗಷ್ಟೇ ಕುಟ್ಟಿದ ಕಾಳುಮೆಣಸು. ಜೇನಿಗೆ ಮೆಣಸೇ ಅಂತ ಅನುಮಾನ ಬೇಡ, ಒಂದು ತುಂಡು ತಿಂದು ನೋಡಿ.

ರಿಕೊಟ್ಟಾ ಪ್ಯಾನ್‌ಕೇಕ್

ಇದಕ್ಕೆ ಸಣ್ಣ ಮೆಕ್ಕೆಜೋಳದ ಹಿಟ್ಟು ಬೇಕು, ಮಕ್ಕಿ ಆಟಾ ಆದೀತು. 60 ಗ್ರಾಂ ಹಿಟ್ಟನ್ನು ಅರ್ಧ ಕಪ್ ಹಾಲಲ್ಲಿ ಹತ್ತು ನಿಮಿಷ ನೆನೆಸಿ, ಇಲ್ಲದಿದ್ದರೆ ಬಾಯಲ್ಲಿ ಮರಳು ಸಿಕ್ಕಂತೆ ಆಗುತ್ತದೆ. 200 ಗ್ರಾಂ ರಿಕೊಟ್ಟಾ, 2 ಮೊಟ್ಟೆಯ ಹಳದಿ, 2 ದೊಡ್ಡ ಚಮಚ ಸಕ್ಕರೆ, ನಿಂಬೆ ಸಿಪ್ಪೆಯ ತುರಿ ಸೇರಿಸಿ. 60 ಗ್ರಾಂ ಮೈದಾ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಹಾಕಿ. ಬಿಳಿಭಾಗವನ್ನು ಬೇರೆ ನೊರೆ ಬರಿಸಿ ಕೊನೆಯಲ್ಲಿ ಹಗುರವಾಗಿ ಮಗುಚಿ. ಸಣ್ಣ ಸೌಟಿನಷ್ಟು ಹಿಟ್ಟು, ಸಣ್ಣ ಉರಿ, ಬೆಣ್ಣೆ ಸವರಿದ ಕಾವಲಿ. ದೋಸೆಯಂತೆ ಹರಡಬೇಡಿ. ಮೇಲೆ ಗುಳ್ಳೆ ಒಡೆದಾಗ ಒಂದೇ ಸಲ ಮಗುಚಿ. ಎಂಟು ಹತ್ತು ಆಗುತ್ತವೆ.

ಉಳಿದ ರಿಕೊಟ್ಟಾ ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಬಿಟ್ಟುಬಿಡಿ.

ಪೊಲೆಂಟಾ ಪಾತ್ರೆಯನ್ನು ಕೂಡಲೇ ನೀರಿಗೆ ಹಾಕಬೇಡಿ. ಖಾಲಿಯಾದ ಪಾತ್ರೆಯನ್ನು ಸಣ್ಣ ಉರಿಯಲ್ಲಿ ಕೆಲವು ನಿಮಿಷ ಇಡಿ. ತಳದಲ್ಲಿ ಅಂಟಿದ ಪದರ ಒಣಗಿ, ಅಂಚಿನಿಂದ ಎದ್ದು, ಹಪ್ಪಳದ ಹಾಗೆ ಕೈಗೆ ಬರುತ್ತದೆ. ಆ ಅಜ್ಜಿ ಅದನ್ನು ಮುರಿದು, ಚಿಟಿಕೆ ಉಪ್ಪು ಉದುರಿಸಿ, ಮೆಟ್ಟಿಲ ಮೇಲೆ ಆಡುತ್ತಿದ್ದ ಮಕ್ಕಳನ್ನೆಲ್ಲ ಕೂಗಿ ಹಂಚುತ್ತಿದ್ದರು. ನಮ್ಮ ಮಗಳಿಗೂ ಒಂದು ಚೂರು ಸಿಗುತ್ತಿತ್ತು.