ಹೆಡ್ ಬಿಚ್ಚಿಸಿದ ಮೇಲೆಯೇ ಲೆಕ್ಕ

ಚಾರ್ಮಾಡಿ ಘಾಟಿ ಹತ್ತುವಾಗ ಗಾಡಿಯ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನಾನು ನೋಡಿದ್ದೆ. ಮಳೆ ಹೊಯ್ಯುತ್ತಿತ್ತು, ನಿಲ್ಲಿಸಲು ಜಾಗವಿರಲಿಲ್ಲ, ಕೊಟ್ಟಿಗೆಹಾರ ಇನ್ನೇನು ಬಂತು ಎಂದುಕೊಂಡೆ. ಆ ಕೆಲವು ಕಿಲೋಮೀಟರ್‌ಗಳೇ ಎಂಜಿನ್ನನ್ನು ತಿಂದವು. ರೇಡಿಯೇಟರಿನ ಕೆಳಗಿನ ಪೈಪ್ ಬಿರಿದು ನೀರೆಲ್ಲ ಸೋರಿಹೋಗಿತ್ತು. ಕೆಲವು ನೂರು ರೂಪಾಯಿಯ ರಬ್ಬರು.

ಗಾಡಿ 2013ರ ಡೀಸೆಲ್, ಓಡಿದ್ದು 1,68,000 ಕಿಲೋಮೀಟರ್. ಮೂಡಿಗೆರೆಯ ಶೆಡ್ಡಿಗೆ ಎಳೆಸಿಕೊಂಡು ಹೋದಾಗ ಮೆಕ್ಯಾನಿಕ್ ಆಯಿಲ್ ಕಡ್ಡಿಯನ್ನು ಎಳೆದು ತೋರಿಸಿದರು. ಹಾಲು ಬೆರೆಸಿದ ಕಾಫಿಯ ಬಣ್ಣ. ಆಯಿಲ್‌ಗೆ ನೀರು ಸೇರಿದೆ, ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿರುವ ಹೆಡ್ ಗ್ಯಾಸ್ಕೆಟ್ ಹೋಗಿರುವುದು ಖಚಿತ, ಒಳಗೆ ಇನ್ನೇನಾಗಿದೆಯೋ ಬಿಚ್ಚದೆ ಹೇಳಲಾರೆ ಎಂದರು. ಇನ್ಶೂರೆನ್ಸ್ ಇತ್ತು, ಆದರೆ ಯಂತ್ರ ತಾನಾಗಿ ಕೆಟ್ಟರೆ ಮಾಮೂಲಿ ಪಾಲಿಸಿ ಏನೂ ಕೊಡುವುದಿಲ್ಲ.

ಮನೆಯಲ್ಲಿ ಎರಡು ಪಕ್ಷ. ‘ಗುಜರಿಗೆ ಹಾಕಿ’ ಎಂದಳು ಹೆಂಡತಿ. ‘ರಿಪೇರಿ ಮಾಡಿಸು, ಹಳೆಯ ಗಾಡಿ ಗಟ್ಟಿ’ ಎಂದರು ಅಪ್ಪ. ಅಷ್ಟರಲ್ಲೇ ಒಬ್ಬ ದಲ್ಲಾಳಿ ಬಂದು, ಇದ್ದಂತೆಯೇ ನಲವತ್ತು ಸಾವಿರಕ್ಕೆ ಕೇಳಿದ. ನಾನು ಯಾರ ಮಾತನ್ನೂ ಒಪ್ಪದೆ, 3,000 ರೂಪಾಯಿ ಕೂಲಿ ಕೊಟ್ಟು ಹೆಡ್ ಬಿಚ್ಚಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು. ಹೆಡ್ ಮಾತ್ರ ಸೊಟ್ಟಗಾಗಿದ್ದರೆ ಲೇತ್‌ನಲ್ಲಿ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸಿದರೆ ಮೂವತ್ತು ಸಾವಿರದೊಳಗೆ ಮುಗಿಯುತ್ತಿತ್ತು. ಕಣ್ಣು ಮುಚ್ಚಿ ಮಾಡಿಸುತ್ತಿದ್ದೆ. ಆದರೆ ಮೂರನೆಯ ಸಿಲಿಂಡರಿನ ಗೋಡೆಯ ಮೇಲೆ ಬೆರಳಾಡಿಸಿದರೆ ಉಗುರಿಗೆ ಗೀರು ತಾಗುತ್ತಿತ್ತು. ಅಂದರೆ ಸಿಲಿಂಡರ್ ಕೊರೆಸುವ ಬೋರ್ ಕೆಲಸ, ಹೊಸ ಪಿಸ್ಟನ್, ರಿಂಗ್, ಬೇರಿಂಗ್, ಎಲ್ಲವೂ ಬೇಕು. ಅಂದಾಜು 90,000.

ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಯಿಂದ ಹಳೆಯ ಎಂಜಿನ್ ತರಿಸುವ ಮಾತೂ ಬಂತು. ಬಿಲ್ಲಿಲ್ಲದ ಎಂಜಿನ್ ಯಾವ ಗಾಡಿಯದೋ, ಯಾರಿಗೆ ಗೊತ್ತು? ಆರ್‌ಸಿಯಲ್ಲಿ ಎಂಜಿನ್ ನಂಬರನ್ನೂ ಬದಲಾಯಿಸಬೇಕು. ಬೇಡವೆಂದೆ.

ಆಮೇಲೆ ಒಂದು ಹಾಳೆಯಲ್ಲಿ ಬರೆದೆ. ಓಡುವ ಸ್ಥಿತಿಯಲ್ಲಿ ಅಂಥದೇ ಗಾಡಿಗೆ ನಮ್ಮ ಕಡೆ ಸಿಗುವುದು 1,70,000. ಎಂಜಿನ್ ಕೆಲಸ 90,000, ಹೇಗೂ ಹಾಕಿಸಬೇಕಿದ್ದ ಕ್ಲಚ್ ಮತ್ತು ಎರಡು ಟೈರಿಗೆ 20,000. ಉಳಿಯುವುದು 60,000. ದಲ್ಲಾಳಿಯನ್ನು ಬಿಟ್ಟು ಆ ಮೆಕ್ಯಾನಿಕ್ಕನ್ನೇ ಕೇಳಿದಾಗ ಅವರು 52,000ಕ್ಕೆ ಒಪ್ಪಿದರು. ಎಂಟು ಸಾವಿರದ ಆಸೆಗೆ, ರಿಪೇರಿ ಮಾಡಿಸಿ ಮಾರಲು ಎರಡು ತಿಂಗಳು ಕಾಯುವುದೇ? ಮಾರದೆ ನಾನೇ ಓಡಿಸುವುದಾದರೆ ಲೆಕ್ಕ ಬೇರೆಯಾಗುತ್ತಿತ್ತು, ನಿಜ. ಆದರೆ ಕರಾವಳಿಯ ಗಾಳಿಗೆ ಗಾಡಿಯ ತಳ ತುಕ್ಕು ಹಿಡಿದಿತ್ತು, ಹದಿನೈದು ವರ್ಷದ ಆರ್‌ಸಿ 2028ಕ್ಕೆ ಮುಗಿಯುತ್ತಿತ್ತು. ಕೊಟ್ಟುಬಿಟ್ಟೆ.

ಕೆಟ್ಟ ಗಾಡಿ ತಾನೇ ಎಂದು ಕಾಗದಪತ್ರದಲ್ಲಿ ಸಡಿಲ ಬಿಡಲಿಲ್ಲ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ದಿನಾಂಕ ಮತ್ತು ಹೊತ್ತು ಬರೆದ ಡೆಲಿವರಿ ಚೀಟಿ ಇಟ್ಟುಕೊಂಡು, ಫಾಸ್ಟ್ಯಾಗ್ ಮುಚ್ಚಿಸಿದೆ. ಹೆಸರು ಬದಲಾಗುವ ತನಕ ಅದು ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ನನ್ನ ಮನೆಗೇ.

ಮೆಕ್ಯಾನಿಕ್ ಅದನ್ನು ಬಿಡುವಿದ್ದಾಗಲೆಲ್ಲ ತಾವೇ ಕೂತು ಕಟ್ಟಿದರಂತೆ. ನನ್ನ ತೊಂಬತ್ತು ಸಾವಿರದಲ್ಲಿ ದೊಡ್ಡ ಪಾಲು ಕೂಲಿಯೇ ಇತ್ತು. ಅವರಿಗೆ ಅದು ಖರ್ಚೇ ಅಲ್ಲ. ನನಗೆ ಗಿಟ್ಟದ್ದು ಅವರಿಗೆ ಗಿಟ್ಟಿತು.